ಚಲನೆಯ ಪಾಠ ಮತ್ತು ಅವಕಲನದ ಅರ್ಥ

ಗಣಿತವು ಬುದ್ಧಿಯನ್ನು ಹರಿತಗೊಳಿಸುವ ಶಾಸ್ತ್ರವೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಅರ್ಥವರಿಯದೆ ಕಲಿತ ಸೂತ್ರವು ಬುದ್ಧಿಗೆ ಹೊರೆಯಾಗುವುದೇ ಹೊರತು ಬೆಳಕಾಗದು. ಪಿ.ಯು.ಸಿ. ಪ್ರಥಮ ವರ್ಷದ ಚಲನೆಯ ಪಾಠವು ಇದಕ್ಕೆ ನಿದರ್ಶನ. ಭೌತಶಾಸ್ತ್ರದಲ್ಲಿ ಈ ಪಾಠವು ವರ್ಷಾರಂಭದಲ್ಲಿಯೇ ಬರುತ್ತದೆ. ಅದಕ್ಕೆ ಅವಶ್ಯವಾದ ಅವಕಲನವಾದರೋ ಗಣಿತದ ಪುಸ್ತಕದ ಕೊನೆಯ ಅಧ್ಯಾಯಗಳಲ್ಲಿದೆ. ಹೀಗಾಗಿ ಘಾತದಿಂದ ಗುಣಿಸಿ, ಘಾತದಲ್ಲಿ ಒಂದನ್ನು ಕಳೆಯಬೇಕೆಂಬ ನಿಯಮವನ್ನು ವಿದ್ಯಾರ್ಥಿಗಳು ಕಾರಣ ತಿಳಿಯದೆಯೇ ಬಾಯಿಪಾಠ ಮಾಡುತ್ತಾರೆ.

ನಿಯಮಕ್ಕಿಂತ ಮೊದಲು ಪ್ರಶ್ನೆ ಹುಟ್ಟಬೇಕೆಂಬುದು ನನ್ನ ಅಭಿಪ್ರಾಯ. ಆಳವಾದ ಬಾವಿಯೊಳಕ್ಕೆ ಕಲ್ಲೊಂದನ್ನು ಬಿಟ್ಟೆವೆನ್ನೋಣ. ಗಾಳಿಯ ತಡೆಯನ್ನು ಗಣಿಸದಿದ್ದರೆ, ಸೆಕೆಂಡುಗಳ ವರ್ಗವನ್ನು 4.9ರಿಂದ ಗುಣಿಸಿದಷ್ಟು ಮೀಟರು ಅದು ಬಿದ್ದಿರುತ್ತದೆ. 2 ಸೆಕೆಂಡಿಗೆ 19.6 ಮೀಟರು, ಸರಾಸರಿ ವೇಗ ಸೆಕೆಂಡಿಗೆ 9.8 ಮೀಟರು. ಆದರೆ 2 ಸೆಕೆಂಡು ತುಂಬಿದ ಆ ಕ್ಷಣದಲ್ಲಿ ಅದರ ವೇಗವೆಷ್ಟು? 2ರಿಂದ 2.1 ಸೆಕೆಂಡಿನವರೆಗಿನ ಸರಾಸರಿ ವೇಗ 20.09, 2.01ರವರೆಗಿನದು 19.649, 2.001ರವರೆಗಿನದು 19.6049. ಅವಧಿಯು ಕಿರಿದಾದಂತೆಲ್ಲ ಉತ್ತರವು 19.6ನ್ನು ಸಮೀಪಿಸುತ್ತದೆ. ಅದೇ ಆ ಕ್ಷಣದ ವೇಗ. ಅದನ್ನು ಪಡೆಯುವ ಕ್ರಮವೇ ಅವಕಲನ. ಸ್ಥಾನಪಲ್ಲಟವನ್ನು ಒಮ್ಮೆ ಅವಕಲಿಸಿದರೆ ವೇಗವು ಕಾಲದ 9.8ರಷ್ಟೆಂದು ದೊರೆಯುತ್ತದೆ. ಆ ವೇಗವನ್ನು ಮತ್ತೊಮ್ಮೆ ಅವಕಲಿಸಿದರೆ 9.8 ಎಂಬ ವೇಗೋತ್ಕರ್ಷವು ದೊರೆಯುತ್ತದೆ.

ಈ ಅರ್ಥವನ್ನು ಬಿಟ್ಟು ಸೂತ್ರವನ್ನಷ್ಟೇ ಹಿಡಿದರೆ ದಾರಿ ತಪ್ಪುವುದು ಸುಲಭ. ಸ್ಥಾನಪಲ್ಲಟವು ಕಾಲದ ಘನದಷ್ಟಿರುವ ಚಲನೆಯಲ್ಲಿ 2 ಸೆಕೆಂಡಿನ ಕೊನೆಗೆ ವೇಗ 12, ವೇಗೋತ್ಕರ್ಷವೂ 12. ನಿಶ್ಚಲ ಸ್ಥಿತಿಯಿಂದ ಹೊರಟ ವಸ್ತುವಿನ ವೇಗೋತ್ಕರ್ಷವನ್ನು ಕಾಲದಿಂದ ಗುಣಿಸಿದರೆ ವೇಗ ಬರುವುದೆಂದು ಕಂಠಪಾಠ ಮಾಡಿದವನು ಇಲ್ಲಿ 24 ಎಂದು ಬರೆಯುತ್ತಾನೆ. ವೇಗೋತ್ಕರ್ಷವು ಬದಲಾಗದಿರುವಲ್ಲಿ ಮಾತ್ರ ಆ ಸೂತ್ರ ಸಲ್ಲುವುದೆಂಬುದು ಅವನಿಗೆ ಹೊಳೆಯುವುದೇ ಇಲ್ಲ.

ಕ್ಷಣದ ವೇಗವೆಂಬ ಭಾವನೆ ನಮ್ಮ ನಾಡಿಗೆ ಪರಕೀಯವೂ ಅಲ್ಲ. ಶರಣರು ಬಾಳಿದ 12ನೆಯ ಶತಮಾನದಲ್ಲಿಯೇ, 1150ರಲ್ಲಿ ರಚಿತವಾದ 'ಸಿದ್ಧಾಂತ ಶಿರೋಮಣಿ'ಯಲ್ಲಿ ಭಾಸ್ಕರಾಚಾರ್ಯರು ಗ್ರಹಗಳ 'ತಾತ್ಕಾಲಿಕ ಗತಿ'ಯನ್ನು ವಿವೇಚಿಸಿದ್ದಾರೆ. ಚಂದ್ರನ ಗತಿಯು ದಿನವಿಡೀ ಒಂದೇ ಆಗಿರದೆಂಬುದೇ ಅದಕ್ಕೆ ಕಾರಣ. ಈ ಬಗೆಯ ವಿಚಾರವನ್ನು ಸಾರ್ವತ್ರಿಕ ಗಣಿತಶಾಸ್ತ್ರವಾಗಿ ಬೆಳೆಸಿದ ಕೀರ್ತಿ 17ನೆಯ ಶತಮಾನದ ನ್ಯೂಟನ್ ಮತ್ತು ಲೈಬ್‌ನಿಟ್ಸ್ ಅವರಿಗೆ ಸಲ್ಲುತ್ತದೆ.

ಆದುದರಿಂದ ಗಣಿತದ ಹಾಗೂ ಭೌತಶಾಸ್ತ್ರದ ಉಪಾಧ್ಯಾಯರು ವರ್ಷಾರಂಭದಲ್ಲಿ ಕೂಡಿ ಸಮಾಲೋಚಿಸಿ, ಚಲನೆಯ ಪಾಠಕ್ಕೆ ಮುನ್ನ ನಾಲ್ಕಾರು ತರಗತಿಗಳನ್ನು ಇಂತಹ ಲೆಕ್ಕಗಳಿಗೆ ಮೀಸಲಿಡುವುದು ಯುಕ್ತ. ಪ್ರೌಢಶಾಲೆಯವರೆಗೆ ಕನ್ನಡದಲ್ಲಿ ಕಲಿತು, ಬಳಿಕ ಇಂಗ್ಲಿಷಿನಲ್ಲಿ ವಿಜ್ಞಾನವನ್ನು ಓದಬೇಕಾದ ಹಳ್ಳಿಯ ಮಕ್ಕಳಿಗೆ ಇದು ಬಹಳ ಅವಶ್ಯ. ಭಾಷೆ ಹೊಸದಾಗಿರುವಾಗ ಭಾವವೂ ಕತ್ತಲಲ್ಲಿದ್ದರೆ ಅವರು ವಿಜ್ಞಾನವನ್ನೇ ತೊರೆದಾರು. ಹಸಿದವನಿಗೆ ಅನ್ನದ ಹೆಸರನ್ನು ಹೇಳಿದರೆ ದಾಸೋಹವಾಗದು. ಸೂತ್ರವನ್ನು ಬರೆಯಿಸಿದ ಮಾತ್ರಕ್ಕೆ ಜ್ಞಾನದಾಸೋಹವೂ ಆಗದು.