ಅಂಕಿತವೂ ಚೀಟಿಯೂ

ರಬಕವಿ-ಬನಹಟ್ಟಿಯ ನೇಕಾರರ ಮನೆಗೆ ಹೋಗಿಬಂದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಸೀರೆಯ ದಡಿಯೂ ಸೆರಗೂ ಮಗ್ಗದ ಮೇಲೆಯೇ ಹುಟ್ಟುತ್ತವೆ. ಹಾಸುಹೊಕ್ಕುಗಳನ್ನು ಬಿಚ್ಚದೆ ಅವನ್ನು ಬೇರೆ ಮಾಡಲು ಬಾರದು. ಮಾರುವವರ ಹೆಸರು, ನಂಬರು, ಬೆಲೆಗಳ ಚೀಟಿಯನ್ನಾದರೋ ಆಮೇಲೆ ಅಂಟಿಸುತ್ತಾರೆ. ಪೇಟೆಯಿಂದ ಪೇಟೆಗೆ ಸರಕು ಸಾಗುವಾಗ ಚೀಟಿ ಬದಲಾದೀತು, ದಡಿ ಬದಲಾಗದು. ಹಾಡಿಗೂ ಇಂಥ ಎರಡು ಬಗೆಯ ಹೆಸರುಗಳುಂಟು. ಒಂದು ಒಳಗೆ ನೆಯ್ದದ್ದು, ಇನ್ನೊಂದು ಹೊರಗೆ ಅಂಟಿಸಿದ್ದು. ಗಣಕಯುಗದಲ್ಲಿ ಈ ಎರಡನೆಯ ಬಗೆಯ ಹೆಸರಿಗೆ ಒದಗಿರುವ ಒಂದು ವಿಪತ್ತನ್ನು ವಾಚಕರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ನಮ್ಮ ವಿದ್ಯಾರ್ಥಿಗಳು ಕೆಲವು ವರ್ಷಗಳಿಂದ ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ಹಳ್ಳಿಗಳಿಗೆ ಹೋಗಿ ಬೀಸುವ ಪದ, ಸೋಬಾನೆ ಪದ, ಮೊಹರಮ್ಮಿನ ರಿವಾಯತ ಪದ, ಶ್ರೀಕೃಷ್ಣ ಪಾರಿಜಾತದ ಹಾಡುಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ತರುತ್ತಿದ್ದಾರೆ. ಒಂದೊಂದು ಕಡತದೊಳಗೂ ಹಾಡಿದವರ ಹೆಸರು, ಊರು, ತಾರೀಖು, ಯಾರಿಂದ ಕಲಿತದ್ದೆಂಬ ಟಿಪ್ಪಣಿ ಇವುಗಳನ್ನು ಕನ್ನಡದಲ್ಲಿಯೇ ಬರೆದಿಟ್ಟಿದ್ದೆವು. ಹಾಡುಗಳನ್ನು ಒಟ್ಟಿಗೆ ಕೇಳಲು ಅನುಕೂಲವಾಗಲೆಂದು ಒಂದು ಹೊಸ ಪ್ಲೇಯರ್ ತಂತ್ರಾಂಶವನ್ನು ಗಣಕಕ್ಕೆ ಹಾಕಿದೆವು. ಕೆಲವು ದಿನ ಕಳೆದು ನೋಡುವಾಗ ಬೀಳಗಿ ಕಡೆಯ ಮುದುಕಿಯೊಬ್ಬರ ಬೀಸುವ ಪದಕ್ಕೆ ಎಂದೂ ಕೇಳರಿಯದ ಚಲನಚಿತ್ರವೊಂದರ ಹೆಸರೂ ಅದರ ನಾಯಕನ ಚಿತ್ರವೂ ಅಂಟಿಕೊಂಡಿದ್ದವು. ಪಾರಿಜಾತದ ಹಾಡುಗಳ ಮುಂದೆ ‘ಅಜ್ಞಾತ ಕಲಾವಿದ’ ಎಂಬರ್ಥದ ಇಂಗ್ಲಿಷ್ ಮಾತು ಕುಳಿತಿತ್ತು. ಟಿಪ್ಪಣಿಯ ಜಾಗ ಬರಿದಾಗಿತ್ತು. ಹಾಡುಗಳು ಮಾತ್ರ ಎಂದಿನಂತೆಯೇ ಕೇಳುತ್ತಿದ್ದವು. ನಾವು ಅವನ್ನು ನುಡಿಸಿದ್ದೆವೇ ಹೊರತು ತಿದ್ದಲು ಹೇಳಿರಲಿಲ್ಲ.

ಇದು ಹೇಗಾಯಿತೆಂಬುದನ್ನು ಅರಿಯಲು ಕಡತದ ರಚನೆಯನ್ನು ಕೊಂಚ ತಿಳಿಯಬೇಕು. ಎಂಪಿ3 ಕಡತದಲ್ಲಿ ಧ್ವನಿಯ ಜೊತೆಗೆ ಅದರ ವಿವರವನ್ನು ಹೇಳುವ ಒಂದು ಪಟ್ಟಿ ಇರುತ್ತದೆ. ಇದಕ್ಕೆ ಟ್ಯಾಗ್ ಎಂದು ಹೆಸರು. 1996ರಲ್ಲಿ ಎರಿಕ್ ಕೆಂಪ್ ಎಂಬಾತ ರೂಪಿಸಿದ ಐಡಿ3 ಎಂಬ ಪದ್ಧತಿಯಲ್ಲಿ ಕಡತದ ಕೊನೆಗೆ 128 ಬೈಟುಗಳ ಸ್ಥಳವಿತ್ತು. ಅದರಲ್ಲಿ ಹಾಡಿನ ಹೆಸರಿಗೆ 30, ಕಲಾವಿದರಿಗೆ 30, ಇಸವಿಗೆ 4, ಹಾಡಿನ ಪ್ರಕಾರಕ್ಕೆ 1. ‘ಶ್ರೀಕೃಷ್ಣ ಪಾರಿಜಾತ’ ಎಂದು ಇಂದಿನ ಯುಟಿಎಫ್-8 ಕ್ರಮದಲ್ಲಿ ಬರೆದರೆ 49 ಬೈಟುಗಳಾಗುತ್ತವೆ. ನಮ್ಮ ಆಟದ ಹೆಸರೇ ಆ ಗೂಡಿನಲ್ಲಿ ಹಿಡಿಸದು. ಪ್ರಕಾರಗಳ ಮೊದಲ ಪಟ್ಟಿಯಲ್ಲಿದ್ದವು 80. ಜನಪದಕ್ಕೆ ಸಲ್ಲುವ ‘ಫೋಕ್’ ಎಂಬ ಮಾತು ಕೂಡ ಅದರಲ್ಲಿರಲಿಲ್ಲ, ಅನಂತರ ಸೇರಿತು. 1998ರಿಂದ ಬಂದ ಎರಡನೆಯ ಪದ್ಧತಿ ವಿಶಾಲವಾದದ್ದು. ಅದು ಟ್ಯಾಗನ್ನು ಕಡತದ ಆರಂಭದಲ್ಲಿಟ್ಟು, ಯುನಿಕೋಡ್ ಮೂಲಕ ಕನ್ನಡಕ್ಕೂ ಎಡೆಕೊಟ್ಟಿತು. ಹಳೆಯ ಕ್ರಮವನ್ನಷ್ಟೇ ಬಲ್ಲ ತಂತ್ರಾಂಶ ಅದನ್ನು ಮತ್ತೆ ಬರೆದರೆ ಕನ್ನಡದ ಅಕ್ಷರಗಳಿದ್ದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣಿಸಿಕೊಳ್ಳುವುದುಂಟು.

ಕೆಲವು ಪ್ಲೇಯರುಗಳು ತಮ್ಮ ಟಿಪ್ಪಣಿಗಳನ್ನು ಪ್ರತ್ಯೇಕವಾದ ದಫ್ತರದಲ್ಲಿ ಇಟ್ಟುಕೊಳ್ಳುತ್ತವೆ, ಕಡತವನ್ನು ಮುಟ್ಟುವುದಿಲ್ಲ. ಬೇರೆ ಕೆಲವು ಕಡತದೊಳಕ್ಕೇ ಬರೆಯುತ್ತವೆ. ಇವು ದೂರದ ಯಾವುದೋ ಸೂಚಿಯೊಡನೆ ಹಾಡಿನ ಹೆಸರನ್ನೋ ಕಾಲಾವಧಿಯನ್ನೋ ನಾದದ ಗುರುತನ್ನೋ ಹೋಲಿಸಿ, ಹತ್ತಿರವೆಂದು ತೋರಿದ ವಿವರವನ್ನು ತುಂಬುತ್ತವೆ. ಪೇಟೆಯ ಸಿ.ಡಿ.ಯಿಂದ ಇಳಿಸಿದ ಹಾಡಿಗೆ ಇದರಿಂದ ಉಪಕಾರವೇ ಆಗುತ್ತದೆ. ‘ಟ್ರ್ಯಾಕ್ 01’ ಎಂಬ ಅನಾಥನಾಮ ಹೋಗಿ ನಿಜವಾದ ಹೆಸರು ಬರುತ್ತದೆ. ಬೀಸುವ ಕಲ್ಲಿನ ಪದವನ್ನು ಸೇರಿಸಿಕೊಂಡ ಸೂಚಿ ಎಲ್ಲಿದೆ? ಇಲ್ಲದಲ್ಲಿಯೂ ಯಂತ್ರ ತನಗೆ ಹೊಳೆದ ಉತ್ತರವನ್ನು ಬರೆದುಬಿಡುತ್ತದೆ. ಟ್ಯಾಗು ತಿದ್ದಿದೊಡನೆ ಕಡತದ ತಾರೀಖೂ ಹೊಸದಾಗುವುದರಿಂದ, ತಾನಾಗಿಯೇ ಪ್ರತಿ ತೆಗೆಯುವ ಏರ್ಪಾಡು ಕೆಟ್ಟುದನ್ನೇ ಹೊಸದೆಂದು ತಿಳಿದು ಒಳ್ಳೆಯದರ ಮೇಲೆ ಬರೆಯಬಹುದು. ನಮ್ಮಲ್ಲಿ ನಡೆದದ್ದೂ ಅದೇ.

ಸಹೃದಯರು ಇದನ್ನು ಲಿಪಿಕಾರರ ಪ್ರಮಾದಕ್ಕೆ ಹೋಲಿಸಬಹುದು. ಆದರೆ ಲಿಪಿಕಾರನು ಪ್ರತಿ ಮಾಡಿದ ಮೇಲೂ ಮೂಲದ ಓಲೆ ಉಳಿಯುತ್ತಿತ್ತು. ಒಂದು ಮಠದಲ್ಲಿ ಒಂದು ಪಾಠ, ಇನ್ನೊಂದು ಮನೆಯಲ್ಲಿ ಇನ್ನೊಂದು ಪಾಠ ದೊರೆಯುತ್ತಿದ್ದುದರಿಂದಲೇ ವಿಜಯಪುರದ ಫ. ಗು. ಹಳಕಟ್ಟಿಯವರಂಥ ಹಿರಿಯರು ವಚನಗಳನ್ನು ಸಂಗ್ರಹಿಸಿ, ಹೋಲಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತರುವುದು ಶಕ್ಯವಾಯಿತು. ಯಂತ್ರವು ಮೂಲದ ಓಲೆಯನ್ನೇ ಕೆರೆದು ಅದರ ಮೇಲೆ ಬರೆಯುತ್ತದೆ. ಪಾಠಾಂತರವೇ ಉಳಿಯದ ಕಡೆ ಗ್ರಂಥಸಂಪಾದಕನಿಗೆ ಕೆಲಸವೇನು?

ಹೆಸರಿನ ಒಂದು ಪದಕ್ಕೆ ಎಷ್ಟು ಬೆಲೆಯೆಂಬುದನ್ನು ನಮ್ಮ ಜಿಲ್ಲೆಯವರಿಗೆ ಬೇರೆ ಹೇಳಬೇಕಾಗಿಲ್ಲ. ಇದೇ ಕೃಷ್ಣೆ ಮುಂದೆ ಹರಿದು ಮಲಪ್ರಭೆಯನ್ನು ಕೂಡುವ ಎಡೆಯ ದೇವರೇ ಬಸವಣ್ಣನವರ ಅಂಕಿತ. 1996ರಲ್ಲಿ ಮಾತೆ ಮಹಾದೇವಿಯವರು ಪ್ರಕಟಿಸಿದ ವಚನಸಂಪುಟದಲ್ಲಿ ‘ಕೂಡಲಸಂಗಮದೇವ’ ಎಂಬಲ್ಲಿ ‘ಲಿಂಗದೇವ’ ಎಂದಿತ್ತು. 1998ರಲ್ಲಿ ಸರಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು; 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆ ವಾದದಲ್ಲಿ ಯಾರ ಪಕ್ಷವನ್ನು ವಹಿಸಿದರೂ ಒಂದು ಮಾತನ್ನು ಒಪ್ಪಬೇಕು: ಅಲ್ಲಿ ಬದಲಾವಣೆ ಬಹಿರಂಗವಾಗಿತ್ತು, ಮಾಡಿದವರು ಯಾರೆಂದು ಗೊತ್ತಿತ್ತು, ಆದ್ದರಿಂದ ವಾದ ನಡೆಯಿತು. ನಮ್ಮ ಗಣಕದೊಳಗೆ ನಡೆದ ತಿದ್ದುಪಡಿಗೆ ಮುನ್ನುಡಿಯೂ ಇಲ್ಲ, ಸಂಪಾದಕರ ಹೆಸರೂ ಇಲ್ಲ.

ಅಂಕಿತವು ಹಾಡಿನೊಳಗೆ ನೆಯ್ದ ಹೆಸರು. ಧ್ವನಿಮುದ್ರಣದ ಆರಂಭಕಾಲದ ಗಾಯಕರೂ ತಮಗೊಂದು ಅಂಕಿತವನ್ನು ಕಂಡುಕೊಂಡಿದ್ದರು. 1902ರಲ್ಲಿ ಕಲಕತ್ತೆಯಲ್ಲಿ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ತಟ್ಟೆಗಳನ್ನು ಒತ್ತುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಯಾವ ತಟ್ಟೆಗೆ ಯಾರ ಚೀಟಿಯೆಂದು ತಿಳಿಯಬೇಕಲ್ಲವೆ? ಬೀಳಗಿಯಲ್ಲಿ ಹುಟ್ಟಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶದಲ್ಲೆಲ್ಲ ಮನೆಮಾತಾದ ಅಮೀರ್‌ಬಾಯಿ ತಮ್ಮ ಹೆಸರಿಗೆ ‘ಕರ್ನಾಟಕಿ’ ಎಂಬ ಮಾತನ್ನು ಹೊಂದಿಸಿಕೊಂಡು ನಾಡನ್ನೇ ಅಂಕಿತದಂತೆ ಧರಿಸಿದರು. ಇಂಥವರ ಹೆಸರನ್ನು ಯಂತ್ರ ಎಷ್ಟು ಬಗೆಯಲ್ಲಿ ಕೆಡಿಸಿದರೂ ತಟ್ಟೆಗಳಿವೆ, ಚಿತ್ರಗಳಿವೆ, ಪುಸ್ತಕಗಳಿವೆ, ತಿದ್ದಿಕೊಳ್ಳಬಹುದು.

ಬೀಸುವ ಪದ ಹಾಡುವ ಮುದುಕಿಗೆ ಇವೊಂದೂ ಇಲ್ಲ. ಅವರ ಹಾಡಿನಲ್ಲಿ ತವರಿನ ಹೆಸರುಂಟು, ಅಣ್ಣತಮ್ಮಂದಿರ ಹೆಸರುಂಟು, ದೇವರ ಹೆಸರುಂಟು, ತಮ್ಮ ಹೆಸರಿಲ್ಲ. ಆ ಟ್ಯಾಗಿನ ಚೀಟಿಯೊಂದೇ ಅವರ ಪಾಲಿನ ಸಾಕ್ಷಿ. ಹೀಗಾಗಿ ಯಂತ್ರದ ಅವಿವೇಕ ಎಲ್ಲರಿಗೂ ಸಮನಾಗಿ ತಟ್ಟುವುದಿಲ್ಲ. ಹೆಸರು ಬೆಳೆಸಿಕೊಳ್ಳದವರನ್ನೇ ಅದು ಮೊದಲು ಅಳಿಸುತ್ತದೆ.

ಕಳೆದ ಬೇಸಗೆಯಲ್ಲಿ ಮುಧೋಳ ಕಡೆಯ ಹಳ್ಳಿಯ ತರುಣನೊಬ್ಬ ನನ್ನನ್ನು ಹುಡುಕಿಕೊಂಡು ಬಂದ. ತೀರಿಹೋದ ತಾಯಿಯ ಹಾಡು ಕಾಲೇಜಿನಲ್ಲಿದೆಯೆಂದು ಕೇಳಿ, ವರ್ಷದ ತಿಥಿಗೆ ಅದು ಬೇಕೆಂದ. ಅವನ ತಾಯಿಯ ಹೆಸರಿನ ಕಡತವೇ ನಮ್ಮಲ್ಲಿರಲಿಲ್ಲ. ಹೆಸರಳಿದ ಹಾಡುಗಳನ್ನು ಒಂದೊಂದಾಗಿ ಕೇಳಿಸುತ್ತ ಹೋದೆ. ಒಂಬತ್ತನೆಯದಕ್ಕೆ ಅವನು ಕೈಯೆತ್ತಿ, “ನಿಲ್ಲಸ್ರೀ ಸರ, ಇದು ನಮ್ಮವ್ವ” ಎಂದ. ಮಗನಿಗೆ ಧ್ವನಿಯೇ ಅಂಕಿತ. ಅವನು ಬಾರದೆ ಹೋಗಿದ್ದರೆ?

ಕಡತವನ್ನು ತೆರೆಯುವ ತಂತ್ರಾಂಶ ತಾನಾಗಿ ಏನನ್ನೂ ಬರೆಯಕೂಡದು. ಬರೆಯುವುದಾದರೆ ಕೇಳಿ ಬರೆಯಬೇಕು, ಹಿಂದಿನದನ್ನು ಉಳಿಸಿ ಬರೆಯಬೇಕು. ಇದನ್ನು ತಯಾರಿಸುವವರಿಂದ ನಾವು ಅಪೇಕ್ಷಿಸತಕ್ಕದ್ದೇ. ಅಲ್ಲಿಯವರೆಗೆ ಸಂಗ್ರಾಹಕರ ಹೊಣೆ ತಪ್ಪದು. ಹೊಸ ತಂತ್ರಾಂಶವನ್ನು ಹಾಕಿದಾಗ ಅದರ ಆಯ್ಕೆಗಳನ್ನು ಓದಿ ತಿದ್ದುವ ಅಧಿಕಾರವನ್ನು ಕಿತ್ತುಕೊಳ್ಳಬೇಕು. ಮೂಲಪ್ರತಿಯೊಂದನ್ನು ಗಣಕಕ್ಕೆ ತಾಗಿಸದೆ ಬೇರೆಯೇ ಇಡಬೇಕು. ಹೆಸರುಗಳ ಪಟ್ಟಿ ಕಾಗದದ ಮೇಲೂ ಇರಬೇಕು. ನಮ್ಮ ಹಾಡುಗಳಲ್ಲಿ ಹೆಚ್ಚಿನವುಗಳ ಹೆಸರು ಮರಳಿ ದೊರೆತದ್ದು ವಿದ್ಯಾರ್ಥಿಗಳ ಹಳೆಯ ನೋಟುಬುಕ್ಕುಗಳಿಂದ.

ಈಗ ನಾವು ಇನ್ನೊಂದು ನಿಯಮ ಮಾಡಿದ್ದೇವೆ. ಹಾಡು ತೊಡಗುವ ಮೊದಲು ಹಾಡುವವರೇ ತಮ್ಮ ಹೆಸರು, ಊರು ಹೇಳಬೇಕು. ಮೊನ್ನೆ ನಮ್ಮ ವಿದ್ಯಾರ್ಥಿನಿ ಹೀಗೆ ಕೇಳಿದಾಗ ಮುದುಕಿಯೊಬ್ಬರು ನಕ್ಕು, “ನನ್ನ ಹೆಸರ ತಗೊಂಡ ಏನ ಮಾಡ್ತಿ ತಂಗಿ, ಹಾಡ ತಗೋ” ಎಂದರಂತೆ. ಅವಳು ಬಿಡಲಿಲ್ಲ. ಆ ಕಡತದಲ್ಲಿ ಮೊದಲು ನಗು, ಅನಂತರ ಹೆಸರು, ಆಮೇಲೆ ಹಾಡು ಇದೆ.