ಎಥ್ನಿಕ್ ಡೇಗೆ ಹತ್ತು ದಿನ ಇರುವಾಗ ಮೈಕ್ರೋನೀಡ್ಲಿಂಗ್ ಬೇಡ

ಎಥ್ನಿಕ್ ಡೇಗೆ ಇನ್ನು ಹತ್ತೇ ದಿನ, ಅಷ್ಟರೊಳಗೆ ಮೊಡವೆ ಬಿಟ್ಟುಹೋದ ಗುಳಿಗಳೆಲ್ಲ ಹೋಗ್ಬೇಕು ಅಂತ ಮೈಕ್ರೋನೀಡ್ಲಿಂಗ್ ಮಾಡಿಸೋಕೆ ಹೊರಟಿದ್ದೀರಾ? ದುಡ್ಡು ಜೇಬಲ್ಲೇ ಇರಲಿ. ಈ ಚಿಕಿತ್ಸೆ ಕೆಲಸ ಮಾಡಲ್ಲ ಅಂತಲ್ಲ, ನಾನೇ ಎರಡು ಸಿಟ್ಟಿಂಗ್ ಮುಗಿಸಿದ್ದೀನಿ. ಆದರೆ ರೀಲ್ಸ್‌ನಲ್ಲಿ ತೋರಿಸೋ ಬಿಫೋರ್ ಮತ್ತು ಆಫ್ಟರ್ ನಡುವೆ ಎಷ್ಟು ತಿಂಗಳು ಕಳೆದಿದೆ ಅಂತ ಯಾರೂ ಹೇಳಲ್ಲ.

ಮೊದಲು ಮುಖ ಮರಗಟ್ಟಿಸೋ ಕ್ರೀಮ್ ಹಚ್ಚಿ ಮುಕ್ಕಾಲು ಗಂಟೆ ಕೂರಿಸ್ತಾರೆ. ಆಮೇಲೆ ಸಣ್ಣ ಸೂಜಿಗಳಿರೋ ಪೆನ್ ಥರದ ಮಷೀನ್‌ನಿಂದ ಚರ್ಮದಲ್ಲಿ ಲೆಕ್ಕವಿಲ್ಲದಷ್ಟು ತೂತು. ಗುಳಿಗಳಿಗೆ ಸಾಮಾನ್ಯವಾಗಿ 1.5ರಿಂದ 2.5 ಮಿಲಿಮೀಟರ್ ಉದ್ದದ ಸೂಜಿ. ಕೆನ್ನೆ ಮೇಲೆ ಅಷ್ಟು ಗೊತ್ತಾಗಲ್ಲ, ಹಣೆಗೆ ಬಂದಾಗ ಗೊತ್ತಾಗುತ್ತೆ! ಹನಿ ಹನಿ ರಕ್ತ ಬರುತ್ತೆ, ಅದು ಮಾಮೂಲು. ಎರಡು ಮೂರು ದಿನ ಮುಖ ಕೆಂಪಗೆ ಉರಿಯುತ್ತೆ, ಆಮೇಲೆ ಸ್ವಲ್ಪ ಸಿಪ್ಪೆ ಏಳುತ್ತೆ.

ನಿಜವಾದ ಕೆಲಸ ಶುರುವಾಗೋದು ಅಲ್ಲಿಂದ. ಆ ಸಣ್ಣ ಗಾಯಗಳನ್ನು ವಾಸಿ ಮಾಡ್ತಾ ದೇಹ ಹೊಸ ಕೊಲಾಜನ್ ಕಟ್ಟುತ್ತೆ, ಅದಕ್ಕೆ ತಿಂಗಳುಗಳು ಬೇಕು. ಕಾಂಕ್ರೀಟ್ ಸ್ಟ್ರೆಂತ್ ನೋಡೋಕೇ ಸಿವಿಲ್‌ನವರು 28 ದಿನ ಕಾಯ್ತಾರೆ, ಇದು ಚರ್ಮ. 4ರಿಂದ 6 ವಾರಕ್ಕೊಂದರಂತೆ ಮೂರರಿಂದ ಆರು ಸಿಟ್ಟಿಂಗ್ ಅಂದ್ರೆ ಒಂದು ಸೆಮಿಸ್ಟರ್ ಆರಾಮಾಗಿ ಹೋಯ್ತು. ಅಷ್ಟಾದ ಮೇಲೂ ಗುಳಿಯ ಆಳ ಕಮ್ಮಿ ಆಗುತ್ತೆ, ಪೂರ್ತಿ ಮಾಯ ಆಗಲ್ಲ. ಕಿರಿದಾಗಿ ಆಳಕ್ಕೆ ಇಳಿದಿರೋ ಐಸ್‌ಪಿಕ್ ಗುಳಿಗಳಿಗಂತೂ ಇದರಿಂದ ದೊಡ್ಡ ಉಪಯೋಗ ಇಲ್ಲ.

ನನಗೆ ಸಿಟ್ಟು ಬರೋದು ಹಾಸ್ಟೆಲ್‌ನ ಡರ್ಮಾರೋಲರ್ ನೋಡಿದಾಗ. ಆನ್‌ಲೈನಲ್ಲಿ ಕೆಲವು ನೂರು ರೂಪಾಯಿಗೆ ಒಂದು ತರಿಸಿ, ಮೂರು ಜನ ಸರದಿ ಮೇಲೆ ಉರುಳಿಸ್ಕೊಳ್ಳೋದು. ಪಕ್ಕದ ಬೆಡ್‌ನವನ ಟೂತ್‌ಬ್ರಷ್ ಮುಟ್ಟದ ಜನ, ಅವನ ರಕ್ತ ತಾಗಿದ ಸೂಜಿನ ಮುಖಕ್ಕೆ ಒತ್ಕೊಳ್ತಾರೆ! ಹೆಪಟೈಟಿಸ್ ಬಿ, ಎಚ್‌ಐವಿ ಹರಡೋ ದಾರಿಗಳಲ್ಲಿ ಸೂಜಿ ಹಂಚಿಕೊಳ್ಳೋದೂ ಒಂದು ಅಂತ ನಾವೆಲ್ಲ ಹತ್ತನೇ ಕ್ಲಾಸ್ ದಾಟೋ ಮುಂಚೆನೇ ಓದಿದ್ದೀವಿ. ಒಬ್ಬರೇ ಬಳಸಿದ್ರೂ, ಕೀವು ತುಂಬಿದ ಮೊಡವೆ ಮೇಲೆ ಉರುಳಿಸಿದ್ರೆ ಸೋಂಕು ಹರಡಬಹುದು. ನಮ್ಮಂಥ ಕಂದು ಚರ್ಮದಲ್ಲಿ ಗಾಯದ ಜಾಗ ಕಪ್ಪಾಗಿ ತಿಂಗಳುಗಟ್ಟಲೆ ಉಳಿಯೋ ಸಾಧ್ಯತೆನೂ ಜಾಸ್ತಿ. ಗುಳಿ ಹೋಗ್ಲಿ ಅಂತ ಹೋಗಿ ಕಲೆ ತಂದ್ಕೊಂಡ ಹಾಗೆ.

ಮಾಡಿಸ್ಲೇಬೇಕು ಅಂದ್ರೆ ಚರ್ಮರೋಗ ತಜ್ಞರ ಹತ್ರ ಹೋಗಿ, ಪಾರ್ಲರ್‌ಗಲ್ಲ. ಹೊಸ ಮೊಡವೆ ಇನ್ನೂ ಏಳ್ತಾ ಇದ್ರೆ ಮೊದಲು ಅದಕ್ಕೆ ಔಷಧಿ. ಮೊಡವೆಗೆ ಮಾತ್ರೆ ತಗೊಳ್ತಾ ಇದ್ರೆ, ಗಾಯ ಆದಲ್ಲೆಲ್ಲ ಚರ್ಮ ಉಬ್ಬಿ ಗಟ್ಟಿಯಾಗೋ ಮೈ ಆದ್ರೆ ಮುಂಚೆನೇ ಹೇಳಿ. ಸೂಜಿಯ ಹೊಸ ಪ್ಯಾಕ್ ನಿಮ್ಮ ಕಣ್ಣೆದುರೇ ಬಿಚ್ಚಲಿ, ಕೇಳೋಕೆ ನಾಚಿಕೆ ಬೇಡ. ಡೇಟ್ ಹಾಕಿಸೋದಾದ್ರೆ ಎಕ್ಸಾಮ್ ಮುಗಿದ ರಜೆಯಲ್ಲಿ ಹಾಕಿಸಿ. ಸುಮಾರು ಒಂದು ವಾರ ಬಿಸಿಲು ತಪ್ಪಿಸ್ಬೇಕು, ಆಮೇಲೂ ಸನ್‌ಸ್ಕ್ರೀನ್ ಬಿಡೋ ಹಾಗಿಲ್ಲ, ಅದೆಲ್ಲ ಕಾಲೇಜ್ ನಡೀತಿರುವಾಗ ಆಗೋ ಮಾತಲ್ಲ.