ಪ್ರಾಕ್ಸಿ ಸರ್ವರು: ತಂದರೆ ಸಾಲದು, ಸಾಕಬೇಕು

ಹಿತ್ತಲಲ್ಲಿ ಬಾವಿಯಿದ್ದರೂ ನಮ್ಮ ಹಿರಿಯರು ಬಚ್ಚಲುಮನೆಯ ಹಂಡೆಯನ್ನು ತುಂಬಿಸಿಡುತ್ತಿದ್ದರು. ಚೊಂಬು ಚೊಂಬಿಗೂ ಬಾವಿಗೆ ಓಡುವುದು ಜಾಣತನವಲ್ಲವೆಂಬುದನ್ನು ಅವರು ಬಲ್ಲವರಾಗಿದ್ದರು. ನಮ್ಮ ಕಂಪ್ಯೂಟರ್ ಕೊಠಡಿಗೊಂದು ಪ್ರಾಕ್ಸಿ ಸರ್ವರು ಬೇಕೆನ್ನುವ ಮಿತ್ರರ ವಾದವೂ ಇದೇ. ಮೂವತ್ತು ಮಂದಿ ಒಂದೇ ಕಡತವನ್ನು ಬೇಡಿದರೆ, ಅದು ಹೊರಗಿನಿಂದ ಒಮ್ಮೆ ಮಾತ್ರ ಬಂದು, ಉಳಿದವರಿಗೆ ಉಗ್ರಾಣದಿಂದಲೇ ದೊರೆಯುವುದು.

ವಾದವೇನೋ ಸರಿ. 1996ರಲ್ಲಿ ಹೊರಬಂದ ‘ಸ್ಕ್ವಿಡ್’ ತಂತ್ರಾಂಶಕ್ಕೆ ಬೆಲೆಯಿಲ್ಲ. ಯಾರಿಗೆ ಪ್ರವೇಶ, ಉಗ್ರಾಣಕ್ಕೆಷ್ಟು ಜಾಗ ಎಂಬುದನ್ನು ಬರೆದಿಟ್ಟು, ಕಂಪ್ಯೂಟರುಗಳಿಗೆ 3128ನೆಯ ಪೋರ್ಟನ್ನು ತೋರಿಸಿದರೆ ಕೆಲಸ ಪ್ರಾರಂಭವಾಗುತ್ತದೆ.

ಆದರೆ ಅತಿಯಾಸೆ ಬೇಡ. ಇಂದು ಬಹುಪಾಲು ಜಾಲತಾಣಗಳು ಎಚ್‌ಟಿಟಿಪಿಎಸ್ ಎಂಬ ಮೊಹರು ಹಾಕಿದ ಲಕೋಟೆಯಲ್ಲಿ ಬರುತ್ತವೆ. ಲಕೋಟೆಯನ್ನು ಒಡೆಯದೆ ದಾಟಿಸುವ ಅಂಚೆಯವನು ಒಳಗಿನ ಕಾಗದವನ್ನು ನಕಲು ಮಾಡಿಡಲಾರ. ಲಾಭ ಹೆಚ್ಚಾಗಿ ಕಾಣುವುದು ಮೊಹರಿಲ್ಲದೆಯೂ ಬರುವ ಉಬುಂಟು ಪ್ಯಾಕೇಜುಗಳಂಥ ಕಡತಗಳಲ್ಲಿ. ಅಲ್ಲಿಯೂ ಒಂದು ಎಚ್ಚರಿಕೆ: ತಾನಾಗಿ ಬಿಟ್ಟರೆ ಸ್ಕ್ವಿಡ್ 4 ಎಂ.ಬಿ.ಗಿಂತ ದೊಡ್ಡ ಕಡತವನ್ನು ಕೂಡಿಡುವುದಿಲ್ಲ. ಆ ಮಿತಿಯನ್ನು ನಾವೇ ಏರಿಸಬೇಕು.

ನನ್ನ ಮುಖ್ಯ ಆಕ್ಷೇಪಣೆ ಬೇರೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರು ನಾವು. ಹುಟ್ಟಿದ ಕೂಸಿಗೆ ಹಾಲೆರೆಯುವವರಾರೆಂದು ಕೇಳುವುದಿಲ್ಲ. ಸರ್ವರಿನ ದಿನಚರಿ ಕಡತವು ದಿನೇ ದಿನೇ ಬೆಳೆಯುತ್ತದೆ. ಹಳೆಯದನ್ನು ತೆಗೆಯುವವರಿಲ್ಲದಿದ್ದರೆ ಡಿಸ್ಕು ತುಂಬಿ ಸರ್ವರು ನಿಲ್ಲುವುದು. ಎಲ್ಲರೂ ಅದೊಂದೇ ಬಾಗಿಲಿನಿಂದ ಹೋಗುವವರಾದರೆ ಕೊಠಡಿಗೆ ಕೊಠಡಿಯೇ ಕುರುಡಾಗುವುದು. ಹಂಡೆಯಿಂದಾಗಿ ಮನೆಗೇ ನೀರಿಲ್ಲದಂತಾದರೆ ಅದಕ್ಕಿಂತ ಬಾವಿಯೇ ಲೇಸಲ್ಲವೆ?

ಆ ದಿನಚರಿಯ ಇನ್ನೊಂದು ಮುಖವನ್ನೂ ಪೂಜ್ಯ ಅಧ್ಯಾಪಕರು ಗಮನಿಸಬೇಕೆಂದು ವಿನಂತಿಸುತ್ತೇನೆ. ಯಾವ ಕಂಪ್ಯೂಟರು ಯಾವ ಗಳಿಗೆಯಲ್ಲಿ ಯಾವ ತಾಣಕ್ಕೆ ಹೋಯಿತೆಂಬುದು ಅದರಲ್ಲಿ ದಾಖಲಾಗುತ್ತದೆ. ಮೊಹರಿನ ಲಕೋಟೆಯಾದರೂ ಮೇಲಿನ ವಿಳಾಸ ಬಯಲೇ. ಮನೆಯಲ್ಲಿ ಹೇಳಿಕೊಳ್ಳಲಾಗದ ಕಾಯಿಲೆಯ ಬಗೆಗೆ ವಿದ್ಯಾರ್ಥಿನಿಯೊಬ್ಬಳು ಕೊಠಡಿಯ ಮೂಲೆಯಲ್ಲಿ ಕುಳಿತು ಓದಿದ್ದು ಇತರರ ಹರಟೆಗೆ ವಸ್ತುವಾಗಬಾರದು.

ಆದ್ದರಿಂದ ಸರ್ವರು ಬರಲಿ, ಮೂರು ಷರತ್ತುಗಳೊಡನೆ ಬರಲಿ. ಅದರ ಪಾಲನೆಗೆ ಹೊಣೆಗಾರರೊಬ್ಬರಿರಲಿ. ದಿನಚರಿಯನ್ನು ಯಾರು ನೋಡಬಹುದು, ಎಷ್ಟು ದಿನ ಇಡಬೇಕು ಎಂಬ ನಿಯಮವನ್ನು ಕೊಠಡಿಯ ಬಾಗಿಲಿಗೇ ಅಂಟಿಸಲಿ. ವಾರಕ್ಕೊಮ್ಮೆ ಯಂತ್ರದ ಯೋಗಕ್ಷೇಮ ನೋಡುವ ಸರದಿಯಲ್ಲಿ ವಿದ್ಯಾರ್ಥಿಗಳಿಗೂ ಪಾಲು ದೊರೆಯಲಿ. ಯಂತ್ರವನ್ನು ಕೊಳ್ಳಲು ಹಣ ಸಾಕು. ಅದನ್ನು ಉಳಿಸಿಕೊಳ್ಳಲು ಶ್ರದ್ಧೆ ಬೇಕು.